ಉದ್ದದ ಇಂಗ್ಲಿಷ್ ಪದವನ್ನು ಎಲ್ಲಿ ಮುರಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ನಮ್ಮ ಮನೆಯ ಹಜಾರದಲ್ಲಿ ಸಂಜೆ ಹೊತ್ತು ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಹುಪಾಲು ಕನ್ನಡ ಮಾಧ್ಯಮದವರು. ಮದ್ದೂರು, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರೂ ಇದ್ದಾರೆ. ಆ ಮಕ್ಕಳು, ಅವರ ಅಪ್ಪ ಅಮ್ಮ, ಒಮ್ಮೊಮ್ಮೆ ಮೈಸೂರಿನಲ್ಲಿ ನರ್ಸಿಂಗ್ ಓದುವ ಅವರ ಅಕ್ಕಂದಿರು ಮತ್ತೆ ಮತ್ತೆ ಕೇಳಿದ್ದನ್ನು ಒಂದೆಡೆ ಬರೆದಿಟ್ಟಿದ್ದೇನೆ. ಓದುವಾಗ ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇರಲಿ. ಇಲ್ಲಿ ಬರುವ ಪದಗಳ ಸ್ಪೆಲ್ಲಿಂಗನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ಹೇಳಿದ ಜಾಗದಲ್ಲಿ ಗೆರೆ ಎಳೆಯುತ್ತ ಹೋಗಿ.

ಉದ್ದದ ಪದ ಬಂದ್ರೆ ನನ್ ಮಗ ಅಲ್ಲೇ ನಿಂತುಬಿಡ್ತಾನೆ ಮೇಡಂ. ಅವನಿಗೆ ಇಂಗ್ಲಿಷ್ ತಲೆಗೆ ಹತ್ತಲ್ವಾ?

ಹತ್ತುತ್ತದೆ. ಅದೇ ಹುಡುಗ ಕನ್ನಡದಲ್ಲಿ 'ಓದಿಸಿಕೊಳ್ಳಬೇಕಾಗಿದ್ದವರೆಲ್ಲ' ಎಂದು ಬರೆದಿದ್ದರೆ ತಡವರಿಸದೆ ಓದುತ್ತಾನೆ. ಓದು, ಇಸು, ಕೊಳ್ಳು, ಬೇಕು, ಆಗು, ಇದ್ದವರು, ಎಲ್ಲ ಎಂದು ಅವನ ಮನಸ್ಸು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಇಂಗ್ಲಿಷಿಗೆ ಬಂದಾಗ ಮಾತ್ರ ಪದವನ್ನು ಇಡಿಯಾಗಿ ಉರು ಹೊಡೆಯಬೇಕೆಂದು ನಾವು ದೊಡ್ಡವರೇ ಕಲಿಸಿದ್ದೇವೆ. 'ಇಂಟರ್ನ್ಯಾಷನಲ್' ಪದದ ಹದಿಮೂರು ಅಕ್ಷರಗಳನ್ನು ಐ, ಎನ್, ಟಿ, ಇ, ಆರ್ ಎಂದು ಒಂದೊಂದಾಗಿ ಬಾಯಿಪಾಠ ಮಾಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಗು ದಣಿಯುತ್ತದೆ, ಪದ ದಕ್ಕುವುದಿಲ್ಲ.

ಹಾಗಾದ್ರೆ ಪದಾನ ಎಲ್ಲಿ ಮುರೀಬೇಕು?

ಎರಡು ಸಲ ಮುರಿಯಬೇಕು, ಎರಡು ಬೇರೆ ಕಾರಣಕ್ಕೆ. ನಮ್ಮ ಕಡೆ ಕಬ್ಬಿನ ಜಲ್ಲೆಯನ್ನು ತಿನ್ನುವುದಕ್ಕೆ ಕತ್ತರಿಸುವ ರೀತಿ ಬೇರೆ, ನೆಡುವುದಕ್ಕೆ ಕತ್ತರಿಸುವ ರೀತಿ ಬೇರೆ. ತಿನ್ನುವುದಕ್ಕಾದರೆ ಬಾಯಿಗೆ ಹಿಡಿಸುವಷ್ಟು ತುಂಡು ಸಾಕು. ಗಿಣ್ಣು ಗಟ್ಟಿ ಎಂದು ಅದನ್ನು ಬಿಟ್ಟೇಬಿಡುತ್ತೇವೆ. ಬಿತ್ತನೆಗಾದರೆ ಆ ಗಿಣ್ಣಿನಲ್ಲಿರುವ ಕಣ್ಣೇ ಮುಖ್ಯ. ಎರಡೋ ಮೂರೋ ಕಣ್ಣು ಉಳಿಯುವ ಹಾಗೆ ನೋಡಿ ಮಚ್ಚು ಹಾಕುತ್ತಾರೆ. ಕಣ್ಣಿಗೆ ಏಟು ಬಿದ್ದರೆ ಮೊಳಕೆ ಬರುವುದಿಲ್ಲ.

ಬಾಯಿಗೆ ಹಿಡಿಸುವ ತುಂಡನ್ನು ಸಿಲಬಲ್ ಎನ್ನುತ್ತಾರೆ. ಅರ್ಥದ ಕಣ್ಣು ಇರುವ ತುಂಡನ್ನು ಭಾಷಾಶಾಸ್ತ್ರದಲ್ಲಿ ಮಾರ್ಫೀಮ್ ಎನ್ನುತ್ತಾರೆ. ನಾನು ಮಕ್ಕಳಿಗೆ 'ಅರ್ಥದ ತುಂಡು' ಎಂದೇ ಹೇಳುತ್ತೇನೆ. 'ಟೀಚರ್' ಪದ ನೋಡಿ. ಬಾಯಿ ಅದನ್ನು ಟೀ-ಚರ್ ಎಂದು ಮುರಿಯುತ್ತದೆ. ಅರ್ಥಕ್ಕೆ ಮುರಿದರೆ ಟೀಚ್ + ಅರ್: ಕಲಿಸು, ಮಾಡುವವರು. ಎರಡೂ ಸರಿ, ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. 'ಎಲಿಫೆಂಟ್' ಬಾಯಿಗೆ ಮೂರು ತುಂಡು, ಅರ್ಥಕ್ಕೆ ಒಂದೇ. 'ಕ್ಯಾಟ್ಸ್' ಬಾಯಿಗೆ ಒಂದೇ ತುಂಡು, ಅರ್ಥಕ್ಕೆ ಎರಡು: ಬೆಕ್ಕು, ಮತ್ತು ಒಂದಕ್ಕಿಂತ ಹೆಚ್ಚು ಎನ್ನುವ ಎಸ್. ಗೊಂದಲವೆಲ್ಲ ಹುಟ್ಟುವುದು ಈ ಎರಡನ್ನು ಕಲಸಿಬಿಟ್ಟಾಗ.

ಸಿಲಬಲ್ ಅಂದ್ರೆ ಕನ್ನಡದ ಅಕ್ಷರಾನೇ ತಾನೇ?

ಹತ್ತಿರದ ನೆಂಟ, ಆದರೆ ಅದೇ ಅಲ್ಲ. 'ಪಟ್ಟಣ' ಎಂದು ಬರೆಯುವಾಗ ಪ, ಟ್ಟ, ಣ ಎಂದು ಮೂರು ಅಕ್ಷರ. ಬಾಯಲ್ಲಿ ಹೇಳುವಾಗ ಅದು ಪಟ್-ಟ-ಣ. ಅರ್ಧ ಟಕಾರ ಹಿಂದಿನ ತುಂಡಿಗೆ ಅಂಟಿಕೊಳ್ಳುತ್ತದೆ. ಇದು ನಮ್ಮ ಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕುವಾಗ 'ಒತ್ತಕ್ಷರದ ಹಿಂದಿನ ಅಕ್ಷರ ಗುರು' ಎಂದು ಕಲಿತಿರುತ್ತಾರಲ್ಲ, ಆ ನಿಯಮದ ಒಳಗುಟ್ಟು ಇದೇ. ಕೊನೆಯ ಅರ್ಧಾಕ್ಷರವನ್ನು ಬೇರೆಯಾಗಿ ಎಣಿಸದೆ ಹಿಂದಿನದಕ್ಕೆ ಸೇರಿಸಿ ಗುರು ಹಾಕುವುದೂ ಅದೇ ಲೆಕ್ಕ.

ಹಾಗಾಗಿ ಮಕ್ಕಳಿಗೆ ಇಂಗ್ಲಿಷ್ ಪದಕ್ಕೇ ಪ್ರಸ್ತಾರ ಹಾಕಲು ಹೇಳುತ್ತೇನೆ. 'ಇಂಟರ್ನ್ಯಾಷನಲ್' ಎಂದು ಕನ್ನಡದಲ್ಲಿ ಬರೆದು ಗುರು ಲಘು ಹಾಕಿ: ಇಂ ಗುರು, ಟ ಗುರು, ರ್ನ್ಯಾ ಗುರು, ಷ ಲಘು, ನಲ್ ಗುರು. ಐದು ಗುರುತು. ಇಂಗ್ಲಿಷಿನಲ್ಲೂ ಐದೇ ಸಿಲಬಲ್. ಮೊದಲ ಸಲ ಇದನ್ನು ಮಾಡಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಕನ್ನಡದ ಪೀರಿಯಡ್ಡಿನಲ್ಲಿ ಅಂಕಕ್ಕಾಗಿ ಕಲಿತದ್ದು ಇಲ್ಲಿ ಕೈಹಿಡಿಯಿತಲ್ಲ ಎಂಬ ಖುಷಿ ಅದು.

ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಎಷ್ಟು ಸಿಲಬಲ್ ಅಂತ ಹೇಳೋಕಾಗುತ್ತಾ?

ಅಕ್ಷರ ಎಣಿಸಿ ಹೇಳಲು ಆಗುವುದಿಲ್ಲ. 'ಏರಿಯಾ' ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಸಿಲಬಲ್ ಮೂರು. 'ಸ್ಟ್ರೆಂಗ್ತ್ಸ್' ಪದಕ್ಕೆ ಒಂಬತ್ತು ಅಕ್ಷರ, ಸಿಲಬಲ್ ಒಂದೇ. ಎಣಿಸಬೇಕಾದ್ದು ಕಿವಿಗೆ ಕೇಳುವ ಸ್ವರವನ್ನು. 'ಮೇಕ್' ಪದದಲ್ಲಿ ಎ, ಇ ಎಂದು ಎರಡು ಸ್ವರದ ಅಕ್ಷರಗಳಿದ್ದರೂ ಕೇಳುವ ಸ್ವರ ಒಂದೇ.

ಗದ್ದದ ಕೆಳಗೆ ಅಂಗೈಯನ್ನು ಅಡ್ಡಲಾಗಿ ಹಿಡಿದು ಪದ ಹೇಳಿ. ದವಡೆ ಎಷ್ಟು ಸಲ ಕೈಗೆ ತಾಗಿತೋ ಹೆಚ್ಚುಕಡಿಮೆ ಅಷ್ಟು ಸಿಲಬಲ್.

ಎಲ್ಲಿ ಗೆರೆ ಎಳೀಬೇಕು ಅನ್ನೋದಕ್ಕೆ ನಿಯಮ ಇದ್ಯಾ?

ಮೂರು ಸಾಕು. ಎರಡು ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಅವುಗಳ ಮಧ್ಯೆ ಮುರಿಯಿರಿ: ವಿನ್-ಡೊ, ನ್ಯಾಪ್-ಕಿನ್. ಒಂದೇ ವ್ಯಂಜನವಿದ್ದರೆ ಮೊದಲು ಅದರ ಹಿಂದೆ ಮುರಿದು ಸ್ವರವನ್ನು ಎಳೆದು ಹೇಳಿ ನೋಡಿ: ಟೈ-ಗರ್. ಗೊತ್ತಿರುವ ಪದದ ಹಾಗೆ ಕೇಳದಿದ್ದರೆ ಆ ವ್ಯಂಜನದ ನಂತರ ಮುರಿದು ಸ್ವರವನ್ನು ಮೊಟಕು ಮಾಡಿ: ರಿವ್-ಅರ್. ಪದದ ಕೊನೆಯಲ್ಲಿ ಎಲ್, ಇ ಬಂದರೆ ಹಿಂದಿನ ಒಂದು ವ್ಯಂಜನವನ್ನು ಅವು ಜೊತೆಗೆ ಕರೆದುಕೊಳ್ಳುತ್ತವೆ: ಟೇ-ಬಲ್, ಕ್ಯಾನ್-ಡಲ್.

ಎಸ್-ಎಚ್, ಸಿ-ಎಚ್, ಟಿ-ಎಚ್, ಪಿ-ಎಚ್ ಜೋಡಿಗಳು ಒಂದೇ ದನಿ. ಅವುಗಳ ಮಧ್ಯೆ ಕತ್ತಿ ಹಾಕಬಾರದು. ಇದಕ್ಕೆ ಒಂದು ಚಂದದ ಅಪವಾದವಿದೆ. ಕುರಿ ಕಾಯುವವನಿಗೆ ಇಂಗ್ಲಿಷಿನಲ್ಲಿ 'ಶೆಪರ್ಡ್' ಎನ್ನುತ್ತಾರೆ. ಸ್ಪೆಲ್ಲಿಂಗಿನಲ್ಲಿ ಪಿ, ಎಚ್ ಅಕ್ಕಪಕ್ಕ ಕೂತಿವೆ. ಆದರೂ ಅದು ಶೆಫರ್ಡ್ ಅಲ್ಲ, ಏಕೆಂದರೆ ಪಿ ಕುರಿಯ ಕಡೆಯದು, ಎಚ್ ಮಂದೆಯ ಕಡೆಯದು: ಶೀಪ್ + ಹರ್ಡ್. ಅರ್ಥದ ಗೆರೆ ಗೊತ್ತಿದ್ದರೆ ನಾಲಿಗೆಯೂ ದಾರಿ ತಪ್ಪುವುದಿಲ್ಲ.

ನಮ್ಮೂರಲ್ಲಿ 'ಇಸ್ಕೂಲು' ಅಂತೀವಿ. ಅದು ತಪ್ಪಲ್ವಾ?

ಕನ್ನಡ ಮಾತಿನಲ್ಲಿ ಖಂಡಿತ ತಪ್ಪಲ್ಲ. ಅಚ್ಚಗನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಬಸ್ಸು, ಕಾರು, ಲೈಟು. ಮೊದಲಲ್ಲೇ ಸಕಾರಕ್ಕೆ ಇನ್ನೊಂದು ವ್ಯಂಜನ ಅಂಟಿಕೊಂಡು ಬಂದರೆ ನಾಲಿಗೆಗೆ ಮೆಟ್ಟಿಲು ಬೇಕು. ಅದಕ್ಕೇ ಇಸ್ಕೂಲು, ಇಸ್ಟೇಷನ್ನು. ಇಂಗ್ಲಿಷಿನ ಒಂದು ಸಿಲಬಲ್ಲಿಗೆ ಮುಂದೊಂದು ಹಿಂದೊಂದು ಸ್ವರ ಕೊಟ್ಟು ಮೂರು ಮಾಡಿಕೊಂಡೆವು. ಹೀಗೆ ಮಾತಾಡುವ ಅಜ್ಜಿಯರನ್ನು ಯಾವ ಮಗುವೂ ಕೀಳಾಗಿ ನೋಡಬಾರದು. ಇಂಗ್ಲಿಷ್ ಓದುವಾಗ ಮಾತ್ರ ಆ ಎರಡು ಸ್ವರಗಳನ್ನು ಬಾಗಿಲ ಹೊರಗೆ ಬಿಟ್ಟು ಬರಲು ಹೇಳಿ.

'ವಾಕ್ಡ್' ಒಂದಾ ಎರಡಾ?

ಒಂದು. ಕೊನೆಯ ಇ-ಡಿ ತನ್ನದೇ ಸಿಲಬಲ್ ಆಗುವುದು ಹಿಂದೆ ಟಕಾರ ಅಥವಾ ಡಕಾರದ ದನಿ ಇದ್ದಾಗ: ವಾಂಟೆಡ್, ನೀಡೆಡ್. ಉಳಿದ ಕಡೆ ಹಿಂದಿನ ತುಂಡಿಗೇ ಅಂಟುತ್ತದೆ. ಅರ್ಥದ ತುಂಡು ಮಾತ್ರ ಎಲ್ಲ ಕಡೆಯೂ ಅದೇ, 'ಆಗಿಹೋದದ್ದು'.

ಡಿಕ್ಷನರಿಯಲ್ಲಿ ನಾಲ್ಕು ತುಂಡು ತೋರಿಸ್ತಾರೆ, ಟಿವಿಯಲ್ಲಿ ಮೂರೇ ಕೇಳುತ್ತೆ. ಯಾವುದು ಸರಿ?

'ಕಂಫರ್ಟಬಲ್' ಬಗ್ಗೆ ಕೇಳಿದ್ದೀರಿ. ಬರಹದಲ್ಲಿ ಕಂ-ಫರ್-ಟ-ಬಲ್, ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಸಾಮಾನ್ಯವಾಗಿ ಮೂರೇ, ಕಂಫ್-ಟ-ಬಲ್. 'ವೆಜಿಟಬಲ್' ಕೂಡ ಹಾಗೇ ಕುಗ್ಗಿ ವೆಜ್-ಟ-ಬಲ್ ಆಗುತ್ತದೆ. ಅದರ ಕೊನೆಯಲ್ಲಿ ಊಟದ ಟೇಬಲ್ ಇಲ್ಲ. ನಾವು 'ಹೋಗಬೇಕು' ಎಂದು ಬರೆದು 'ಹೋಗ್ಬೇಕು' ಎನ್ನುತ್ತೇವಲ್ಲ, ಅದೇ ಕತೆ.

ಸಿಲಬಲ್ ಎಲ್ಲ ಸರಿಯಾಗಿ ಹೇಳಿದ್ರೂ 'ಇಂಗ್ಲಿಷ್ ಥರ ಕೇಳಲ್ಲ' ಅಂತಾರೆ. ಯಾಕೆ?

ಒತ್ತಿನಿಂದ. ಒತ್ತಕ್ಷರವಲ್ಲ, ದನಿಯ ಒತ್ತು. ಕನ್ನಡದಲ್ಲಿ ಪ್ರತಿ ತುಂಡಿಗೂ ಹೆಚ್ಚುಕಡಿಮೆ ಸಮನಾದ ಬಲ ಸಿಗುತ್ತದೆ. ಇಂಗ್ಲಿಷಿನಲ್ಲಿ ಒಂದು ತುಂಡು ಎದ್ದು ನಿಲ್ಲುತ್ತದೆ, ಪಕ್ಕದವು ಬಾಗಿ ಅವುಗಳ ಸ್ವರ ಮಸುಕಾಗುತ್ತದೆ. 'ಫೋಟೋಗ್ರಾಫ್' ಪದದಲ್ಲಿ ಒತ್ತು ಮೊದಲ ತುಂಡಿನ ಮೇಲೆ, 'ಫೊಟಾಗ್ರಫಿ'ಯಲ್ಲಿ ಎರಡನೆಯದರ ಮೇಲೆ, 'ಫೋಟೊಗ್ರ್ಯಾಫಿಕ್' ಪದದಲ್ಲಿ ಮೂರನೆಯದರ ಮೇಲೆ. ಇದನ್ನು ಹಿಡಿಯಲು ಬಾಲ ನೋಡಿ: ಷನ್, ಇಕ್, ಇಟಿ ಎಂಬ ಬಾಲಗಳು ಬಂದರೆ ಒತ್ತು ಸಾಮಾನ್ಯವಾಗಿ ಅವುಗಳಿಗಿಂತ ಸರಿಯಾಗಿ ಹಿಂದಿನ ತುಂಡಿನ ಮೇಲೆ ಬೀಳುತ್ತದೆ. ಎಜುಕೇಷನ್ ಪದದಲ್ಲಿ 'ಕೇ', ಎಲೆಕ್ಟ್ರಿಸಿಟಿಯಲ್ಲಿ 'ಟ್ರಿ'. ಪಿಯುಸಿ ಪುಸ್ತಕದ ಉದ್ದನೆಯ ಪದಗಳಲ್ಲಿ ಬಹಳಷ್ಟು ಈ ಒಂದೇ ಸೂತ್ರಕ್ಕೆ ಬಗ್ಗುತ್ತವೆ.

ಅರ್ಥದ ತುಂಡು ಹುಡುಕೋದು ಎಲ್ಲಿಂದ ಶುರು ಮಾಡ್ಬೇಕು?

ಬಾಲದಿಂದ. ನಂತರ ತಲೆ. ಉಳಿದದ್ದು ಹೊಟ್ಟೆ. ಕನ್ನಡ ವ್ಯಾಕರಣದ ಮಾತಿನಲ್ಲಿ ಪ್ರತ್ಯಯ, ಉಪಸರ್ಗ, ಪ್ರಕೃತಿ. 'ಅನ್‌ಹ್ಯಾಪಿನೆಸ್' ಪದದ ಬಾಲ ನೆಸ್, ತಲೆ ಅನ್, ಉಳಿದದ್ದು ಹ್ಯಾಪಿ. ನೆಸ್ ಎಂದರೆ ನಮ್ಮ 'ತನ', ಅನ್ ಎಂದರೆ 'ಅಲ್ಲ'.

ಇಲ್ಲಿ ಮಕ್ಕಳು ಎಡವುವುದು ಹ್ಯಾಪಿಯ ಕೊನೆಯ ವೈ ಅಕ್ಷರ ಐ ಆಗಿಬಿಟ್ಟಿರುವುದರಲ್ಲಿ. ಆಗ ಸಂಧಿ ನೆನಪಿಸುತ್ತೇನೆ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕಕಾರದ ಜಾಗಕ್ಕೆ ಗಕಾರ ಬಂತು, ಆದೇಶ. ಹ್ಯಾಪಿನೆಸ್ ಅದೇ. ಮಾತು, ಇಲ್ಲ ಸೇರಿ ಮಾತಿಲ್ಲ ಆದಾಗ ಉಕಾರ ಬಿದ್ದುಹೋಯಿತು, ಲೋಪ. ಮೇಕ್ ಪದಕ್ಕೆ ಇಂಗ್ ಸೇರಿದಾಗ ಕೊನೆಯ ಇ ಅಕ್ಷರ ಬೀಳುವುದು ಅದೇ. ಮನೆ, ಅನ್ನು ಸೇರಿ ಮನೆಯನ್ನು ಆದಾಗ ಯಕಾರ ಹೊಸದಾಗಿ ಬಂತು, ಆಗಮ. 'ಪ್ಯಾನಿಕ್' ಪದಕ್ಕೆ ಇಂಗ್ ಸೇರಿಸಿ ಬರೆಯುವಾಗ ನಡುವೆ ಕೆ ಅಕ್ಷರ ಬಂದು ಕೂರುವುದು ಅದೇ. ಇಂಗ್ಲಿಷಿನವರು ಇದನ್ನು ಸ್ಪೆಲ್ಲಿಂಗ್ ನಿಯಮ ಎನ್ನುತ್ತಾರೆ. ಲೋಪ ಆಗಮ ಆದೇಶ ಗೊತ್ತಿರುವ ಮಗುವಿಗೆ ಅದು ಹೊಸ ಪಾಠವೇ ಅಲ್ಲ.

'ಅಲ್ಲ' ಅನ್ನೋದಕ್ಕೆ ಒಂದ್ಕಡೆ ಇನ್, ಒಂದ್ಕಡೆ ಇಮ್, ಇನ್ನೊಂದ್ಕಡೆ ಇಲ್, ಇರ್. ಎಲ್ಲಾ ಬೇರೆ ಬೇರೆ ಕಲೀಬೇಕಾ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಬೇಡ, ಎಲ್ಲ ಒಂದೇ. ಕನ್ನಡದಲ್ಲಿ 'ಹಿರಿದು' ಎಂಬ ಮಾತು ಬಾಗಿಲಿನ ಮುಂದೆ ಬಂದರೆ ಹೆಬ್ಬಾಗಿಲು, ದಾರಿಯ ಮುಂದೆ ಹೆದ್ದಾರಿ, ಮರದ ಮುಂದೆ ಹೆಮ್ಮರ. ಹೆಬ್, ಹೆದ್, ಹೆಮ್ ಎಂದು ಮೂರು ಬೇರೆ ಪದ ಇದೆಯೆಂದು ಯಾರೂ ಹೇಳುವುದಿಲ್ಲ. ಮುಂದೆ ನಿಂತವರ ದನಿಗೆ ಹಿಂದೆ ಬಂದವರು ಹೊಂದಿಕೊಂಡರು, ಅಷ್ಟೆ. ಲ್ಯಾಟಿನ್ನಿನಿಂದ ಬಂದ ಇನ್ ಕೂಡ ಪಕಾರ, ಬಕಾರ, ಮಕಾರದ ಮುಂದೆ ಇಮ್ ಆಗುತ್ತದೆ: ಇಂಪಾಸಿಬಲ್. ಲಕಾರದ ಮುಂದೆ ಇಲ್: ಇಲ್ಲೀಗಲ್. ರಕಾರದ ಮುಂದೆ ಇರ್: ಇರ್‌ರೆಗ್ಯುಲರ್. ಉತ್ ಎಂಬುದು ಲೇಖದ ಮುಂದೆ 'ಉಲ್ಲೇಖ' ಆದ ಹಾಗೆಯೇ. ನಮ್ಮ ಸೊನ್ನೆಯನ್ನೇ ನೋಡಿ: ಕಂಬದಲ್ಲಿ ಅದು ಮಕಾರ, ಕಂತಿನಲ್ಲಿ ನಕಾರ.

ಹಳೆಯ ಇಂಗ್ಲಿಷಿನದೇ ಆದ ಅನ್ ಮಾತ್ರ ಯಾರಿಗೂ ಬಗ್ಗುವುದಿಲ್ಲ: ಅನ್‌ರಿಯಲ್, ಅನ್‌ಲಾಫುಲ್.

ಇದೇ ಜಾತಿಯ ಇನ್ನೊಂದು ತಲೆ 'ಆಡ್', ಅಂದರೆ 'ಕಡೆಗೆ'. ಮುಂದಿನ ಅಕ್ಷರ ಯಾವುದೋ ಅದರಂತೆ ಕರಗಿ, ಅದನ್ನು ಜೋಡಿ ಮಾಡುತ್ತದೆ. ಅಸಿಸ್ಟ್ ಪದದಲ್ಲಿ ಮೊದಲು ಎರಡು ಎಸ್, ಅಟೆಂಡ್ ಪದದಲ್ಲಿ ಎರಡು ಟಿ, ಅರೈವ್ ಪದದಲ್ಲಿ ಎರಡು ಆರ್ ಬಂದದ್ದು ಹೀಗೆ. ಮೈಸೂರಿನಲ್ಲಿ ಪಿಜಿ ಬೋರ್ಡುಗಳ ಮೇಲೆ ಕಾಣುವ 'ಅಕಾಮಡೇಷನ್' ಪದದಲ್ಲಿ ಎಷ್ಟು ಸಿ, ಎಷ್ಟು ಎಂ ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಮುರಿದು ನೋಡಿ: ಆಡ್ + ಕಾಮ್ + ಮೋಡಸ್. ಮೋಡಸ್ ಅಂದರೆ ಅಳತೆ, ಕಾಮ್ ಅಂದರೆ ಜೊತೆಗೆ. ಸಿ ಮುಂದೆ ಬಂದ ಆಡ್ ತಾನೂ ಸಿ ಆಯಿತು, ಹಾಗಾಗಿ ಎರಡು ಸಿ. ಕಾಮ್ ತನ್ನದೊಂದು ಎಂ ತಂದಿತು, ಮೋಡಸ್ ತನ್ನದೊಂದು, ಹಾಗಾಗಿ ಎರಡು ಎಂ. ಡಿ ಹಿಂದೆ ಯಾವ ತಲೆಯೂ ಇಲ್ಲ, ಹಾಗಾಗಿ ಒಂದೇ ಡಿ. ಒಮ್ಮೆ ಹೀಗೆ ಬಿಡಿಸಿ ನೋಡಿದ ಮಗು ಆಮೇಲೆ ಆ ಪದವನ್ನು ತಪ್ಪಾಗಿ ಬರೆದದ್ದನ್ನು ನಾನು ಕಂಡಿಲ್ಲ.

ಹಾಗಾದ್ರೆ ತುಂಡು ಗೊತ್ತಿದ್ರೆ ಸ್ಪೆಲ್ಲಿಂಗ್ ಸರಿಹೋಗುತ್ತೆ ಅಂತೀರಾ?

ಬಹಳಷ್ಟು ಸರಿಹೋಗುತ್ತದೆ. 'ಗವರ್ನ್‌ಮೆಂಟ್' ಪದದಲ್ಲಿ ಎನ್ ಬಿಟ್ಟುಹೋಗುವುದು ನಾವು 'ಗೌರ್ಮೆಂಟು' ಎನ್ನುವುದರಿಂದ. ಗವರ್ನ್ + ಮೆಂಟ್ ಎಂದು ತಿಳಿದರೆ ಎನ್ ತಾನಾಗಿ ಬರುತ್ತದೆ. 'ಮಿಸ್‌ಸ್ಪೆಲ್' ಪದಕ್ಕೆ ಎರಡು ಎಸ್, ಏಕೆಂದರೆ ಮಿಸ್ ತನ್ನದೊಂದು ತಂದಿದೆ, ಸ್ಪೆಲ್ ತನ್ನದೊಂದು. 'ಡಿಸಪಿಯರ್' ಪದಕ್ಕೆ ಒಂದೇ ಎಸ್, ಏಕೆಂದರೆ ಅಪಿಯರ್ ಎಸ್ ತಂದಿಲ್ಲ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಕನ್ನಡ ಲಿಪಿ ದನಿಯನ್ನು ಬರೆಯುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಎಷ್ಟೋ ಸಲ ದನಿಯನ್ನು ಬಿಟ್ಟು ಅರ್ಥದ ತುಂಡನ್ನು ಕಾಪಾಡುತ್ತದೆ. ಎಲೆಕ್ಟ್ರಿಕ್, ಎಲೆಕ್ಟ್ರಿಸಿಟಿ, ಎಲೆ‌ಕ್ಟ್ರಿಷಿಯನ್ ಎಂದು ಕನ್ನಡದಲ್ಲಿ ಬರೆದಾಗ ಒಂದೇ ಜಾಗದಲ್ಲಿ ಕ, ಸ, ಷ ಎಂಬ ಮೂರು ದನಿಗಳು ಕಾಣುತ್ತವೆ. ಇಂಗ್ಲಿಷಿನಲ್ಲಿ ಮೂರಕ್ಕೂ ಅಲ್ಲಿ ಒಂದೇ ಸಿ. ದನಿ ಬದಲಾದರೂ ಮನೆತನ ಒಂದೇ ಎಂದು ಕಣ್ಣಿಗೆ ತೋರಿಸುವ ವ್ಯವಸ್ಥೆ ಅದು. 'ಸೈನ್' ಪದದಲ್ಲಿ ಜಿ ಯಾಕೆ ಮೂಕ ಎಂದು ಮಕ್ಕಳು ಕೇಳುತ್ತಾರೆ. 'ಸಿಗ್ನೇಚರ್' ಎಂದು ಹೇಳಿ ನೋಡಿ, ಜಿ ಬಾಯಿಬಿಡುತ್ತದೆ. 'ಬಾಂಬ್' ಪದದ ಕೊನೆಯ ಬಿ, 'ಬಂಬಾರ್ಡ್' ಪದದಲ್ಲಿ ಮಾತಾಡುತ್ತದೆ. ಇದು ಇಂಗ್ಲಿಷಿನ ಎಲ್ಲ ಮೂಕ ಅಕ್ಷರಗಳಿಗೂ ಉತ್ತರವಲ್ಲ. ಆದರೆ ಮೂಕ ಅಕ್ಷರ ಕಂಡಾಗ 'ಇದರ ಅಣ್ಣತಮ್ಮಂದಿರು ಯಾರು?' ಎಂದು ಹುಡುಕುವ ಅಭ್ಯಾಸ ಬೆಳೆದರೆ ಅದೇ ದೊಡ್ಡ ಗಳಿಕೆ.

ಅಂದಹಾಗೆ 1902ರಲ್ಲಿ ನಮ್ಮದೇ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತಿಗೆ ಇಂಗ್ಲಿಷಿನಲ್ಲಿ 'ಹೈಡ್ರೋಎಲೆಕ್ಟ್ರಿಕ್' ಎನ್ನುತ್ತಾರೆ. ಹೈಡ್ರೊ ಅಂದರೆ ನೀರು. ಬ್ಲಫ್, ಅಂದರೆ ಆ ವಿದ್ಯುತ್ ಕೇಂದ್ರ ಇರುವ ಜಾಗ, ನೋಡಿ ಬಂದ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮೈಸೂರಲ್ಲಿ ನರ್ಸಿಂಗ್ ಓದ್ತಿದ್ದೀನಿ. ಆಸ್ಪತ್ರೆ ಪದಗಳು ನಾಲಿಗೆಗೇ ಸಿಗಲ್ಲ. ಏನ್ ಮಾಡ್ಲಿ?

ನಿಮ್ಮಷ್ಟು ಅದೃಷ್ಟವಂತರು ಬೇರೆ ಇಲ್ಲ ತಾಯಿ. ಆಸ್ಪತ್ರೆಯ ಪದಗಳಷ್ಟು ಶಿಸ್ತಾಗಿ ಮುರಿಯುವ ಪದಗಳು ಇಂಗ್ಲಿಷಿನಲ್ಲಿ ಅಪರೂಪ. ಬಾಲಗಳನ್ನು ಮೊದಲು ಹಿಡಿಯಿರಿ. ಐಟಿಸ್ ಎಂದರೆ ಉರಿಯೂತ, ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು, ಲಜಿ ಎಂದರೆ ಶಾಸ್ತ್ರ. ಆಮೇಲೆ ಅಂಗಗಳು: ಗ್ಯಾಸ್ಟ್ರೊ ಹೊಟ್ಟೆ, ಎಂಟರೊ ಕರುಳು, ಹೆಪಟೊ ಪಿತ್ತಜನಕಾಂಗ, ನೆಫ್ರೊ ಮೂತ್ರಪಿಂಡ, ಕಾರ್ಡಿಯೊ ಹೃದಯ. ಗ್ಯಾಸ್ಟ್ರೋಎಂಟರೈಟಿಸ್ ಈಗ ತಾನಾಗಿ ಬಿಚ್ಚಿಕೊಂಡಿತು. ಹೆಪಟೈಟಿಸ್, ನೆಫ್ರಾಲಜಿ, ಟಾನ್ಸಿಲೆಕ್ಟಮಿ ನೀವೇ ಬಿಡಿಸಬಲ್ಲಿರಿ.

'ಓಟೋರೈನೋಲ್ಯಾರಿಂಗಾಲಜಿ' ಎಂಬ ಹತ್ತೊಂಬತ್ತು ಅಕ್ಷರದ ಪದಕ್ಕೆ ಹೆದರಬೇಡಿ. ಓಟೊ ಕಿವಿ, ರೈನೊ ಮೂಗು, ಲ್ಯಾರಿಂಗ್ ಧ್ವನಿಪೆಟ್ಟಿಗೆ. ಕಿವಿ ಮೂಗು ಗಂಟಲು ವಿಭಾಗ, ಅಷ್ಟೆ. ಡ್ಯೂಟಿಯ ನೋಟ್ಸ್ ಬರೆಯುವಾಗ ಅರ್ಥದ ತುಂಡುಗಳ ನಡುವೆ ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ಹೈಪರ್ ಎಂದರೆ ಹೆಚ್ಚು, ಹೈಪೊ ಎಂದರೆ ಕಡಿಮೆ. ಆ ಒಂದು ತುಂಡನ್ನು ತಪ್ಪಾಗಿ ಕೇಳಿಸಿಕೊಂಡರೆ ಸಕ್ಕರೆ ಹೆಚ್ಚಾದ ರೋಗಿಯೂ ಸಕ್ಕರೆ ಇಳಿದ ರೋಗಿಯೂ ಅದಲುಬದಲಾಗುತ್ತಾರೆ. ಇಲ್ಲಿ ಪದ ಬಿಡಿಸುವುದು ಅಂಕದ ವಿಷಯವಲ್ಲ, ಜೀವದ ವಿಷಯ.

ಚಿಕ್ಕ ಮಕ್ಕಳಿಗೆ ಇದನ್ನ ಹೇಗೆ ಹೇಳ್ಕೊಡೋದು?

ಮೈಸೂರು ಝೂಗೆ ಕರೆದುಕೊಂಡು ಹೋಗಿ. 1892ರಿಂದ ಇರುವ ಆ ತೋಟದ ಬೋರ್ಡುಗಳಿಗಿಂತ ಒಳ್ಳೆಯ ಪಾಠಪುಸ್ತಕ ನನಗೆ ಸಿಕ್ಕಿಲ್ಲ. ಹಿಪೊಪೊಟಮಸ್: ಹಿಪೊ ಕುದುರೆ, ಪೊಟಮಸ್ ನದಿ. ಕನ್ನಡದಲ್ಲೂ ನೀರುಕುದುರೆ ಎನ್ನುತ್ತೇವೆ, ನೀರಾನೆ ಎಂದೂ ಎನ್ನುತ್ತೇವೆ. ರೈನೋಸರಸ್: ರೈನೊ ಮೂಗು, ಸೆರಸ್ ಕೊಂಬು. ಒರಾಂಗುಟಾನ್ ಮಲಯ ಭಾಷೆಯದು: ಒರಾಂಗ್ ಮನುಷ್ಯ, ಹುತಾನ್ ಕಾಡು. ಜಿರಾಫೆಯ ಮುಂದೆ ನಿಂತು 'ಇದನ್ನು ಮುರಿಯಲಾಗದು' ಎಂದೂ ಹೇಳಿ. ಎಲ್ಲ ಪದವೂ ಮುರಿಯುವುದಿಲ್ಲ ಎಂಬುದು ಅಷ್ಟೇ ಮುಖ್ಯ ಪಾಠ. ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಒಂದು ಕವಲು ದಾಟಿ, ಊರು ದಾಟಿ, ಇನ್ನೊಂದು ಕವಲು ದಾಟುತ್ತದಲ್ಲ, ಆಗ ಮೆಸೊಪೊಟೇಮಿಯಾ ಹೇಳಿಕೊಡಿ. ಮೆಸೊ ನಡುವೆ, ಪೊಟಮ್ ನದಿ. ನೀರುಕುದುರೆಯ ಪೊಟಮ್ಮೇ ಅದು.

ಇದಕ್ಕೆಲ್ಲ ಗ್ರೀಕು, ಲ್ಯಾಟಿನ್ನು ಕಲೀಬೇಕಾ?

ಬೇಡ. ಒಂದು ಐವತ್ತು ತುಂಡು ಪರಿಚಯವಾದರೆ ಹೈಸ್ಕೂಲಿಗೆ ಧಾರಾಳ. ಕೆಲವು ಆಗಲೇ ಮನೆಯಲ್ಲಿವೆ. 'ಅನಾಮಿಕ' ಎಂದರೆ ಹೆಸರಿಲ್ಲದ. ಇಂಗ್ಲಿಷಿನ 'ಅನಾನಿಮಸ್' ಎಂದರೂ ಹೆಸರಿಲ್ಲದ, ಗ್ರೀಕಿನ ಅನ್ + ಓನಿಮಾ. ಸಂಸ್ಕೃತದ ನಾಮ, ಗ್ರೀಕಿನ ಓನಿಮಾ ಒಂದೇ ಬೇರಿನ ಚಿಗುರುಗಳು. ಇಲ್ಲ ಎನ್ನುವ ತಲೆಯೂ ಹಾಗೆಯೇ. ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್: ಅನ್ಯಾಯ, ಆದರೆ ಅನುಚಿತ. ಗ್ರೀಕಿನಲ್ಲೂ ಇದೇ ನಿಯಮ. ಲ್ಯಾಟಿನ್ನಿನ ಇನ್, ಇಂಗ್ಲಿಷಿನ ಅನ್ ಕೂಡ ಇದೇ ವಂಶದವು.

ಟೆಲಿ ಎಂದರೆ ದೂರ, ಫೋನ್ ಎಂದರೆ ದನಿ. ದೂರವಾಣಿ ಎಂದು ಕನ್ನಡಕ್ಕೆ ತಂದವರು ತುಂಡಿಗೆ ತುಂಡು ಹೊಂದಿಸಿದರು. ರೇಡಿಯೊ ವಿಷಯದಲ್ಲಿ ಹಾಗೆ ಮಾಡಲಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಕೇಂದ್ರ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಇಂಗ್ಲಿಷಿನ 'ಬ್ರಾಡ್‌ಕಾಸ್ಟ್' ಪದವಂತೂ ಗದ್ದೆಯಿಂದ ಬಂದದ್ದು: ಬ್ರಾಡ್ ಅಗಲವಾಗಿ, ಕಾಸ್ಟ್ ಎಸೆ. ಬೀಜವನ್ನು ಕೈಯಲ್ಲಿ ಚೆಲ್ಲಿ ಬಿತ್ತುವುದಕ್ಕೆ ಮೊದಲು ಆ ಮಾತಿತ್ತು. ಚೆಲ್ಲು ಬಿತ್ತನೆ ನೋಡಿದ ಮಂಡ್ಯದ ಮಗುವಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ನಮ್ ಸರ್ 'ಟುಗೆದರ್' ಅಂದ್ರೆ ಟು, ಗೆಟ್, ಹರ್ ಅಂತ ಹೇಳ್ಕೊಟ್ರು. ಅದೂ ಮುರಿಯೋದೇ ಅಲ್ವಾ?

ಸ್ಪೆಲ್ಲಿಂಗ್ ನೆನಪಿಡುವ ಗೂಟವಾಗಿ ಒಳ್ಳೆಯದೇ, ಇಟ್ಟುಕೊಳ್ಳಿ. ಅರ್ಥದ ತುಂಡು ಅಲ್ಲ. 'ಕಾರ್ಪೆಟ್' ಒಳಗೆ ಕಾರೂ ಇಲ್ಲ, ಪೆಟ್ಟೂ ಇಲ್ಲ. 'ಅಂಕಲ್' ಪದದ ಅನ್ 'ಅಲ್ಲ' ಎನ್ನುವುದಲ್ಲ. ತಂಗಾಳಿಯಲ್ಲಿ ತಂಗಿ ಇಲ್ಲವಲ್ಲ, ಹಾಗೆ. ಪರೀಕ್ಷೆ ಹೀಗೆ: ತುಂಡನ್ನು ತೆಗೆದರೆ ಉಳಿದದ್ದಕ್ಕೆ ಅರ್ಥ ಇದೆಯೇ? ಅದೇ ತುಂಡು ಅದೇ ಅರ್ಥದಲ್ಲಿ ಇನ್ನೆರಡು ಪದಗಳಲ್ಲಿ ಸಿಗುತ್ತದೆಯೇ? ಎರಡಕ್ಕೂ ಹೌದು ಎಂದರೆ ಮಾತ್ರ ಗೆರೆ ಎಳೆಯಿರಿ.

ಭಾಷೆಯನ್ನು ಆಡುವ ಜನರೇ ತಪ್ಪು ಜಾಗದಲ್ಲಿ ಮುರಿದದ್ದೂ ಉಂಟು. ಹ್ಯಾಂಬರ್ಗ್ ಎಂಬುದು ಜರ್ಮನಿಯ ಊರು. ಹ್ಯಾಂಬರ್ಗ್ + ಅರ್ ಎಂದಿದ್ದ ತಿಂಡಿಯನ್ನು ಹ್ಯಾಂ, ಬರ್ಗರ್ ಎಂದು ಮುರಿದದ್ದರಿಂದ ಈಗ ವೆಜ್ ಬರ್ಗರ್ ಸಿಗುತ್ತಿದೆ. 'ಹೆಲಿಕಾಪ್ಟರ್' 1861ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಪದ: ಹೆಲಿಕೊ ಸುರುಳಿ, ಪ್ಟೆರಾನ್ ರೆಕ್ಕೆ. ಬಾಯಿ ಅದನ್ನು ಹೆ-ಲಿ-ಕಾಪ್-ಟರ್ ಎಂದು ಮುರಿಯಿತು, ಆ ಗೆರೆಯಲ್ಲೇ ಹೆಲಿಪ್ಯಾಡ್ ಚಿಗುರಿತು. ನಮ್ಮ ಗಲ್ಲಿ ಕ್ರಿಕೆಟ್ಟಿನ ಅಂಪೈರ್ ಕೂಡ ಹೀಗೆಯೇ ನಕಾರ ಕಳೆದುಕೊಂಡವನು. ಮೊದಲು 'ಎ ನಂಪೈರ್' ಎನ್ನುವ ಹಾಗಿದ್ದದ್ದು. ಕೇಳಿದವರು 'ಆನ್ ಅಂಪೈರ್' ಎಂದು ಬಿಡಿಸಿಕೊಂಡರು.

ಇಂಗ್ಲಿಷಿನ ಅತಿ ಉದ್ದದ ಪದ ಯಾವುದು?

ಡಿಕ್ಷನರಿಗಳಲ್ಲಿ ಸಿಗುವ ಅತಿ ಉದ್ದದ್ದು ಎಂದು ಹೇಳುವುದು 45 ಅಕ್ಷರದ, 19 ಸಿಲಬಲ್ಲಿನ ಈ ಪದ: ನ್ಯೂಮೊನೊ-ಅಲ್ಟ್ರಾ-ಮೈಕ್ರೊ-ಸ್ಕೋಪಿಕ್-ಸಿಲಿಕೊ-ವಾಲ್ಕೇನೊ-ಕೋನಿ-ಓಸಿಸ್. ಶ್ವಾಸಕೋಶ, ಮೀರಿದ, ಸಣ್ಣ, ಕಾಣುವ, ಸಿಲಿಕಾ, ಜ್ವಾಲಾಮುಖಿ, ದೂಳು, ಕಾಯಿಲೆ. 1935ರಲ್ಲಿ ಅಮೆರಿಕದ ಒಗಟು ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದಕ್ಕಾಗಿಯೇ ಕಟ್ಟಿದ್ದು. ವೈದ್ಯರಿಗೆ 'ಸಿಲಿಕೋಸಿಸ್' ಸಾಕು. ಕಲ್ಲುಗಣಿಯ ದೂಳು ಕುಡಿದವರಿಗೆ ಬರುವ ಆ ಕಾಯಿಲೆ ನಿಜವಾದದ್ದು.

ಸಾಲಿನ ಕೊನೆಗೆ ಪದ ಹಿಡಿಸದಿದ್ರೆ ಎಲ್ಲಿ ಹೈಫನ್ ಹಾಕೋದು?

ಕನ್ನಡದಲ್ಲಿ ಯಾವ ಅಕ್ಷರದ ನಂತರವಾದರೂ ಸಾಲು ಮುರಿಯಬಹುದು. ಇಂಗ್ಲಿಷಿನಲ್ಲಿ ಹಾಗಿಲ್ಲ. 'ಪ್ರೆಸೆಂಟ್' ಪದ ಉಡುಗೊರೆಯಾದರೆ ಎಸ್ ನಂತರ ಮುರಿಯುತ್ತದೆ, ಮುಂದಿಡು ಎಂಬ ಕ್ರಿಯೆಯಾದರೆ ಎಸ್ ಹಿಂದೆ. ಕಂಪ್ಯೂಟರಿಗೆ ಇದನ್ನು ಕಲಿಸುವ ದಾರಿಯನ್ನು ಫ್ರಾಂಕ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫರ್ಡಿನ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದರು. ಪರೀಕ್ಷೆಯಲ್ಲಿ ಬರೆಯುವ ಮಕ್ಕಳಿಗೆ ನನ್ನ ಸಲಹೆ: ಪದ ಹಿಡಿಸದಿದ್ದರೆ ಮುಂದಿನ ಸಾಲಿಗೆ ಹೋಗಿ.

ನಮಗೆ ಇಂಗ್ಲಿಷ್ ಬರಲ್ಲ. ಮನೇಲಿ ಮಗಳಿಗೆ ಹೇಗೆ ಸಹಾಯ ಮಾಡೋದು?

'ಮುರಿದು ತೋರ್ಸವ್ವ' ಎಂದು ಕೇಳಿ, ಸಾಕು. ಉತ್ತರ ನಿಮಗೆ ಗೊತ್ತಿರಬೇಕಿಲ್ಲ. ನಿಮಗೆ ವಿವರಿಸುವಾಗ ಅವಳಿಗೇ ಗಟ್ಟಿಯಾಗುತ್ತದೆ. ದಿನಕ್ಕೆ ಒಂದೇ ಪದ. ಅದು ಪಾಠದಿಂದಲೇ ಬರಬೇಕೆಂದೂ ಇಲ್ಲ. ಮಾತ್ರೆಯ ಪಟ್ಟಿ, ಬಸ್ಸಿನ ಬೋರ್ಡು, ಗೊಬ್ಬರದಂಗಡಿಯಿಂದ ತಂದ ಡಬ್ಬ ಯಾವುದಾದರೂ ಆದೀತು. ಕಳೆದ ಮುಂಗಾರಿನಲ್ಲಿ ಒಬ್ಬರು ಔಷಧಿ ಡಬ್ಬವನ್ನೇ ಮಗಳ ಕೈಲಿ ಕೊಟ್ಟು ಕಳಿಸಿದ್ದರು. ಮೇಲೆ 'ಫಂಗಿಸೈಡ್' ಎಂದಿತ್ತು. ಸೈಡ್ ಅಂದರೆ ಕೊಲ್ಲುವುದು ಎಂದೆ. ಪೆಸ್ಟಿಸೈಡ್, ಇನ್ಸೆಕ್ಟಿಸೈಡ್, ಹರ್ಬಿಸೈಡ್ ಎಲ್ಲದರ ಬಾಲವೂ ಅದೇ. ಉಳಿದದ್ದನ್ನು ಅವಳೇ ಹೇಳಿದಳು. ಮರುದಿನ ಅಪ್ಪ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಹಂಗಾದ್ರೆ ಇದು ಹುಳಕ್ಕೆ ಅಲ್ಲ, ಬೂಷ್ಟಿಗೆ ಹೊಡೆಯೋದು ಅಲ್ವಾ ಮೇಡಂ?"